ಗಲ್ಲಾಪೆಟ್ಟಿಗೆಗೆ ಇನ್ನೊಂದು ಕೀಲಿ

ಮುಂಬೈಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡ ಬಳಗವೊಂದರ ಮುಂದೆ ಆಡಿದ ಮಾತು ಇದು. ಫೋನಿನ ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕುರ್ಚಿ ಎಳೆದ ಸದ್ದಿಗೆ ಕೇಳಿಸದೆ ಹೋದ ಕಡೆ ನೆನಪಿನಿಂದ ತುಂಬಿದ್ದೇನೆ.

ಎಲ್ಲರಿಗೂ ನಮಸ್ಕಾರ. ಸೆಂಟ್ರಲ್ ಲೈನಿನಲ್ಲಿ ದುರಸ್ತಿಗೆಂದು ರೈಲು ತಡೆಯುವ ಮೆಗಾಬ್ಲಾಕ್ ಇರುವ ಭಾನುವಾರ ಇಷ್ಟು ಜನ ಬಂದಿದ್ದೀರಿ. ನನ್ನ ಮಾತು ಕೇಳೋದಕ್ಕಲ್ಲ, ಆಮೇಲಿನ ಇಡ್ಲಿ-ಕಾಫಿಗೆ ಅಂತ ನನಗೆ ಗೊತ್ತು. ನಾನೂ ಅಷ್ಟೇ. ಡೊಂಬಿವಲಿಯಿಂದ ಇಲ್ಲಿಗೆ ಬರಲು ಇವತ್ತು ಎರಡು ಗಂಟೆ ಹಿಡಿಯಿತು.

ನಾನು ಬೇಡಲು ಬಂದಿದ್ದೇನೆ. ಚಂದಾ ಪುಸ್ತಕ ತಂದಿಲ್ಲ, ಗಾಬರಿ ಬೇಡ. ಹಳೆ ಫಾಂಟಿನ ಕನ್ನಡ ಫೈಲುಗಳನ್ನು ಈಗ ಓದುವ ಹಾಗೆ ಮಾಡುವ ನನ್ನ ಸಣ್ಣ ತಂತ್ರಾಂಶವನ್ನು ನೋಡಿಕೊಳ್ಳಲು ನನಗೆ ಇಬ್ಬರು ಜನ ಬೇಕು. ಯಾಕೆ ಬೇಕು, ಬಂದವರ ಕೈಗೆ ಏನು ಕೊಡುತ್ತೇನೆ, ಕೊಡಲು ನನಗೆ ಯಾಕೆ ಹೆದರಿಕೆ, ಇಷ್ಟು ಹೇಳಿ ಕೂತುಬಿಡುತ್ತೇನೆ.

ನನ್ನ ಅಪ್ಪ ಕುಂದಾಪುರದ ಕಡೆಯವರು. ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದು ಫೋರ್ಟಿನ ಒಂದು ಹೋಟೆಲು ಸೇರಿದರು. ಹಗಲು ಟೇಬಲ್ ಒರೆಸೋದು, ರಾತ್ರಿ ಕನ್ನಡ ರಾತ್ರಿಶಾಲೆ. ಇಲ್ಲಿರುವ ಹಿರಿಯರಲ್ಲಿ ಎಷ್ಟೋ ಜನರ ಕಥೆ ಇದೇ ಇರಬೇಕು, ಅಲ್ವಾ? ಮುಂದೆ ಹಳೆ ವಿದ್ಯಾರ್ಥಿಗಳು ಸೇರಿ ಒಂದು ಸ್ಮರಣ ಸಂಚಿಕೆ ತಂದರು. ಅದರಲ್ಲಿ ಅಪ್ಪನ ಒಂದು ಲೇಖನ ಇತ್ತು. ಪುಸ್ತಕ ಮಳೆಗಾಲದಲ್ಲಿ ನೆನೆದು ಹೋಯಿತು. ಪ್ರೆಸ್ಸಿನವರು ಕೊಟ್ಟ ಸಿಡಿ ಮಾತ್ರ ದೇವರ ಕೋಣೆಯಲ್ಲಿ ಭದ್ರವಾಗಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, "ಇದನ್ನ ಮೊಬೈಲಿಗೆ ಹಾಕಿಕೊಡು, ಓದಬೇಕು" ಅಂದರು.

ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. 'ಕನ್ನಡ' ಎಂಬ ಪದ ಇರಬೇಕಾದಲ್ಲಿ ಮೊದಲು ಪಿ, ಆಮೇಲೆ ತಲೆಯ ಮೇಲೆ ಗೀರು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, "ನಾನು ಶಾಲೆ ಬಗ್ಗೆ ಬರೆದದ್ದು, ಇದರಲ್ಲಿ ಪೌಂಡಿನ ಲೆಕ್ಕ ಯಾಕೆ ಬಂತು?" ಅಂದರು.

ಇದು ಇಲ್ಲಿ ಹಲವರಿಗೆ ಗೊತ್ತಿರುವ ಗೋಳು. ನುಡಿ, ಬರಹ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆ ಫಾಂಟುಗಳ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಅಂತ ಒಂದು ಲಿಪಿ ಇದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ನಮ್ಮ ಅಕ್ಷರದ ಚಿತ್ರಗಳನ್ನು ಬಾಡಿಗೆಗೆ ಕೂರಿಸಿದ್ದರು. ನುಡಿಯಲ್ಲಿ ಪಿ ಇದ್ದಲ್ಲಿ ತಲೆಕಟ್ಟಿಲ್ಲದ ಕ, ಗೀರಿನ ಎ ಇದ್ದಲ್ಲಿ ತಲೆಕಟ್ಟು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡ್ ಅಂದರೆ ಲಿಪಿಗಳಿಗೆಲ್ಲ ತಮ್ಮದೇ ಮನೆ ಕೊಡುವ ಜಾಗತಿಕ ಪಟ್ಟಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಮನೆ ಇದೆ. ನಾವು ಆ ಮನೆಗೆ ಸಾಮಾನು ಸಾಗಿಸಲು ಬಹಳ ವರ್ಷ ತೆಗೆದುಕೊಂಡೆವು. ನಡುವಿನ ಕಾಲದ ಬರಹವೆಲ್ಲ ಸಿಡಿಗಳಲ್ಲಿ ಬಿದ್ದಿದೆ.

ನಾನು ಮಾಡಿದ್ದು ಆ ಸಾಮಾನು ಸಾಗಿಸುವ ಒಂದು ಸಣ್ಣ ತಂತ್ರಾಂಶ. ಈ ಕೆಲಸಕ್ಕೆ ಬೇರೆ ತಂತ್ರಾಂಶಗಳೂ ಇವೆ, ನಾನೇ ಮೊದಲಿಗನಲ್ಲ. ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಇದಕ್ಕೆ ಅದು, ಅದಕ್ಕೆ ಇದು ಅಂತ ಬದಲಿಸಿದರೆ ಆಯಿತಲ್ಲ! ಆದರೆ 'ಸೂರ್ಯ' ಬಂದು ಕೂತಿತು. ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ. ಸೂ, ಯ, ಆಮೇಲೆ ಅರ್ಕಾವೊತ್ತು. ಯೂನಿಕೋಡ್‌ನಲ್ಲಿ ಬಾಯಿ ಹೇಳುವ ಕ್ರಮ. ಸೂ, ರ್, ಯ. ಹಾಗಾಗಿ ಅರ್ಕಾವೊತ್ತು ಸಿಕ್ಕಾಗಲೆಲ್ಲ ಹಿಂದಕ್ಕೆ ಓಡಬೇಕು. ಆ ಅಕ್ಷರದ ಗುಣಿತ, ಒತ್ತು ಎಲ್ಲ ದಾಟಿ ಅದಕ್ಕಿಂತ ಮೊದಲು ರ್ ಇಟ್ಟು ಬರಬೇಕು. ಅದು ಸರಿಹೋಯಿತು ಅನ್ನುವಾಗ 'ರ‍್ಯಾಂಕ್' ಬಂತು. ಅಲ್ಲಿ ಅರ್ಕಾವೊತ್ತು ಬರಬಾರದು. ಬರದ ಹಾಗೆ ತಡೆಯಲು ಕಣ್ಣಿಗೇ ಕಾಣದ ಒಂದು ಅಕ್ಷರವನ್ನು ನಡುವೆ ತೂರಿಸಬೇಕು. ಆ ಕಾಣದ ಅಕ್ಷರ ಹುಡುಕುತ್ತಾ ನಾನು ರಾತ್ರಿ ಒಂದು ಗಂಟೆಗೆ ಗೊಣಗುವುದನ್ನು ಕೇಳಿ ಮಗಳು ಅದಕ್ಕೆ 'ಅಪ್ಪನ ಭೂತ' ಅಂತ ಹೆಸರಿಟ್ಟಳು.

ಅಪ್ಪ ಲೇಖನ ಓದಿದರು. ನಾನು ಕೋಡನ್ನು ಎಂಐಟಿ ಪರವಾನಗಿ ಹಾಕಿ ಎಲ್ಲರಿಗೂ ತೆರೆದಿಟ್ಟೆ. ಆ ಪರವಾನಗಿ ಓದಿಲ್ಲದವರಿಗೆ ಒಂದೇ ಸಾಲಿನಲ್ಲಿ ಹೇಳುತ್ತೇನೆ. ಬಳಸಿ, ತಿದ್ದಿ, ಬೇಕಾದರೆ ಮಾರಿ, ನನ್ನ ಹೆಸರು ಅಳಿಸಬೇಡಿ, ಕೆಟ್ಟರೆ ನನ್ನನ್ನು ಕೋರ್ಟಿಗೆ ಎಳೆಯಬೇಡಿ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಬಗ್ಗೆ ಹೇಳುವಾಗ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದಿದ್ದರು. ಅದು ಲಿನಕ್ಸ್ ಆಯಿತು. ನನ್ನದು ಹಾಗೇನೂ ಆಗಲಿಲ್ಲ, ಬಿಡಿ. ಆದರೆ ಹವ್ಯಾಸವಾಗಿಯೂ ಉಳಿಯಲಿಲ್ಲ. ಒಬ್ಬ ಪ್ರಕಾಶಕರು ತಮ್ಮ ಹಳೆ ಪುಸ್ತಕಗಳನ್ನು ಇದರಲ್ಲಿ ಹಾಯಿಸಿದರು. ಒಂದು ಜಿಲ್ಲಾ ಪತ್ರಿಕೆಯವರು ಹಿಂದಿನ ಸಂಚಿಕೆಗಳನ್ನು ಹಾಯಿಸಿದರು. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತನ್ನ ಗೈಡಿನ ಇಡೀ ಕಪಾಟನ್ನೇ ಹಾಯಿಸಿದಳು. ಸಂತೋಷವೇ. ಜೊತೆಗೆ ಕಾಗದಗಳೂ ಶುರುವಾದವು. ಗಣೇಶ ಚೌತಿಯ ದಿನ, ಕಡುಬು ಬಾಯಲ್ಲಿರುವಾಗ ಒಂದು ಮೆಸೇಜು. "ನಿಮ್ಮ ಸಾಫ್ಟ್‌ವೇರ್ ಶ್ರೀ ಅಕ್ಷರ ನುಂಗುತ್ತಿದೆ. ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ತಕ್ಷಣ ಸರಿ ಮಾಡಿ." ನಮಸ್ಕಾರವೂ ಇಲ್ಲ. ಮಾಡಿಕೊಟ್ಟೆ. ಧನ್ಯವಾದವೂ ಬರಲಿಲ್ಲ. ಸರಿಯಾಯಿತು ಅಂತ ನಾನೇ ಅಂದುಕೊಂಡೆ.

ಎರಡು ವರ್ಷದ ಹಿಂದೆ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ, 'ಸಹ-ಮೇಂಟೇನರ್‌ಗಳು ಬೇಕಾಗಿದ್ದಾರೆ'. ಅಂದರೆ ನನ್ನ ಜೊತೆ ತಂತ್ರಾಂಶ ನೋಡಿಕೊಳ್ಳುವವರು. ಹದಿನಾಲ್ಕು ತಿಂಗಳಲ್ಲಿ ಮೂರು ಉತ್ತರ ಬಂದವು. ಒಬ್ಬರು ಸಂಬಳ ಎಷ್ಟು ಎಂದು ಕೇಳಿದರು. ಒಬ್ಬರಿಗೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬೇಕಿತ್ತು. ಮೂರನೆಯವರು 'ಆಸಕ್ತಿ ಇದೆ ಸರ್' ಎಂದು ಬರೆದು ಮಾಯವಾದರು. ನಾನು ಮೂವರನ್ನೂ ಬೈದುಕೊಂಡೆ. ಜನಕ್ಕೆ ಕನ್ನಡದ ಕಾಳಜಿ ಇಲ್ಲ, ಇತ್ಯಾದಿ. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಕೇಳುತ್ತೇವಲ್ಲ, ಅದೇ ಭಾಷಣವನ್ನು ನಾನು ಬಾತ್‌ರೂಮಿನಲ್ಲಿ ಒಬ್ಬನೇ ಮಾಡಿದೆ.

ಆಮೇಲೆ ಒಂದು ವಾರ ಸುಮ್ನೆ ಡೈರಿ ಬರೆದು ನೋಡಿದೆ. ಈ ಪ್ರಾಜೆಕ್ಟಿಗೆ ಆ ವಾರ ಒಂಬತ್ತು ಗಂಟೆ ಕೊಟ್ಟಿದ್ದೆ. ಅದರಲ್ಲಿ ಕೋಡ್ ಬರೆದದ್ದು ಎರಡು ಗಂಟೆಯೂ ಇಲ್ಲ. ಉಳಿದದ್ದೆಲ್ಲ ಏನು? ದೂರು ಕಳಿಸಿದವರಿಗೆ 'ಯಾವ ಫಾಂಟ್, ಫೈಲ್ ಕಳಿಸಿ' ಎಂದು ಬರೆಯೋದು. ಅವರು ಫೈಲ್ ಬದಲು ಪರದೆಯ ಫೋಟೋ ಕಳಿಸೋದು. ಮತ್ತೆ ಕೇಳೋದು. ಬಂದ ಫೈಲನ್ನು ಕಣ್ಣಿನಲ್ಲಿ ಓದಿ ತಪ್ಪು ಹುಡುಕೋದು. ಒಂದು ಕಡೆ ಸರಿ ಮಾಡಿದ್ದು ಇನ್ನೊಂದು ಕಡೆ ಕೆಡಿಸಿತಾ ನೋಡೋದು. ಹೊಸ ಆವೃತ್ತಿ ಕಟ್ಟಿ ಬಿಡುಗಡೆ ಮಾಡೋದು. ನಾನು ಕೋಡ್ ಬರೆಯುವವರನ್ನು ಕರೆದಿದ್ದೆ. ಬೇಕಿದ್ದದ್ದು ಅಂಗಡಿ ನೋಡಿಕೊಳ್ಳುವವರು. ಅಂಗಡಿಯಲ್ಲಿ ಏನೇನು ಕೆಲಸ ಇದೆ ಅಂತ ನಾನು ಎಲ್ಲೂ ಬರೆದೇ ಇರಲಿಲ್ಲ. ಎಲ್ಲ ನನ್ನ ತಲೆಯಲ್ಲಿತ್ತು. ಬಂದವರು ಯಾವ ಬಾಗಿಲಿನಿಂದ ಒಳಗೆ ಬರಬೇಕು?

ಇದಕ್ಕಿಂತ ಹೇಳಲು ಕಷ್ಟವಾದ ಒಂದು ವಿಷಯ ಇದೆ. ಆ ಬೋರ್ಡು ಹಾಕುವ ಮುಂಚೆಯೇ ಪುಣೆಯ ಒಬ್ಬ ವಿದ್ಯಾರ್ಥಿ, ನಾನು ಕರೆಯದೆಯೇ ಒಂದು ದೊಡ್ಡ ತಿದ್ದುಪಡಿ ಕಳಿಸಿದ್ದ. ಅರ್ಕಾವೊತ್ತಿನ ನನ್ನ ಓಡಾಟವನ್ನೆಲ್ಲ ಕಿತ್ತುಹಾಕಿ, ಇಡೀ ಅಕ್ಷರವನ್ನು ಒಂದು ಗುಂಪಾಗಿ ಹಿಡಿದು ಒಂದೇ ಸಲ ಬದಲಿಸುವ ದಾರಿ. ನನ್ನದಕ್ಕಿಂತ ಚೆನ್ನಾಗಿತ್ತು. ಅದೇ ತೊಂದರೆ. ನಾನು ಅದರಲ್ಲಿ ಹೆಸರು ಸರಿಯಿಲ್ಲ, ಸಾಲು ಉದ್ದವಾಯಿತು ಎಂದು ಕೊಕ್ಕೆ ತೆಗೆದೆ. ಅವನು ತಿದ್ದಿದ. ಮತ್ತೆ ತೆಗೆದೆ. ಮತ್ತೆ ತಿದ್ದಿದ. ಆಮೇಲೆ 'ಈ ವಾರ ನೋಡುತ್ತೇನೆ' ಎಂದು ಬರೆದು ಐದು ತಿಂಗಳು ನೋಡಲಿಲ್ಲ. ಅವನು ಜಗಳ ಆಡಲಿಲ್ಲ. ಸುಮ್ಮನೆ ಹೋದ. ಈಗ ಎಲ್ಲಿದ್ದಾನೋ, ಯಾರ ಪ್ರಾಜೆಕ್ಟಿಗೆ ಅದೃಷ್ಟ ಕುದುರಿದೆಯೋ. ಸಹಾಯ ಬೇಕು ಎಂದು ಊರೆಲ್ಲ ಹೇಳುತ್ತಿದ್ದವನು ಸಹಾಯ ಬಂದಾಗ ಬಾಗಿಲಿಗೆ ಅಡ್ಡ ನಿಂತಿದ್ದೆ. ನನಗೆ ಬೇಕಿದ್ದದ್ದು ಜೊತೆಗಾರ ಅಲ್ಲ, ನನ್ನ ಹಾಗೇ ಯೋಚಿಸುವ, ನನಗಿಂತ ಜಾಸ್ತಿ ಬಿಡುವಿರುವ ಇನ್ನೊಬ್ಬ ನಾನು.

ಬುದ್ಧಿ ಬಂದದ್ದು ಕುರ್ಲಾ ಸ್ಟೇಷನ್ನಿನಲ್ಲಿ. ಥಾಣೆ ಸ್ಲೋ ಲೋಕಲ್ಲಿನಿಂದ ಇಳಿಯುವಾಗ ಫೋನ್ ಕಳವಾಯಿತು. ಈಗ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಕೋಡ್ ಹಾಕುವವರಿಗೆ ಎರಡು ಹಂತದ ಲಾಗಿನ್, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು, ಕಡ್ಡಾಯ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜುಗಳನ್ನು ಬಿಡುಗಡೆ ಮಾಡುವ ಪೈಪಿಐನಲ್ಲೂ 2024ರ ಜನವರಿ 1ರಿಂದ ಹಾಗೇ. ಒಳ್ಳೆಯ ನಿಯಮ, ನಾನು ಅದರ ಪರ. ಆದರೆ ನನ್ನ ಎರಡನೇ ಹಂತ ಆ ಫೋನಿನಲ್ಲಿತ್ತು. ಫೋನ್ ಯಾರದೋ ಜೇಬಿನಲ್ಲಿತ್ತು. ಅದರ ಹಿಂದಿನ ದಿನವಷ್ಟೇ ನಾನು ಬಿಟ್ಟ ಹೊಸ ಆವೃತ್ತಿಯಲ್ಲಿ ಒಂದು ತಪ್ಪಿತ್ತು. ಅರ್ಕಾವೊತ್ತು ಬಂದಲ್ಲೆಲ್ಲ ಅದನ್ನು ನುಂಗಿಹಾಕುತ್ತಿತ್ತು. ಸೂರ್ಯ 'ಸೂಯ' ಆದ. ಕರ್ನಾಟಕ 'ಕನಾಟಕ' ಆಯಿತು. ಒಂದರ ಹಿಂದೆ ಒಂದು ದೂರು ಬರುತ್ತಿದೆ, ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಿದೆ, ಸರಿ ಮಾಡಿದ್ದು ಲ್ಯಾಪ್‌ಟಾಪಿನಲ್ಲಿ ಸಿದ್ಧ ಇದೆ, ಬಿಡುಗಡೆ ಮಾಡಲು ಒಳಗೆ ಹೋಗಲಿಕ್ಕೇ ಆಗುತ್ತಿಲ್ಲ.

ಇಂಥ ಹೊತ್ತಿಗೆಂದೇ ಕೊಡುವ ರಿಕವರಿ ಕೋಡುಗಳನ್ನು ನಾನು ಪ್ರಿಂಟ್ ತೆಗೆದಿದ್ದೆ. ಜಾಣನೇ! ಎಲ್ಲಿಟ್ಟಿದ್ದೆ? ಮನೆ ಬದಲಿಸುವಾಗ ಹಳೆ ಕಾಗದಗಳ ಜೊತೆ ಊರಿಗೆ ಹೋಗಿತ್ತು. ನಾಲ್ಕು ದಿನ ಹುಡುಕಿ ಅಮ್ಮ ಅದನ್ನು ಟ್ರಂಕಿನ ತಳದಲ್ಲಿ, ಎಲ್ಐಸಿ ಕಾಗದದ ನಡುವೆ ಪತ್ತೆ ಮಾಡಿದರು. ಅಪ್ಪ ಫೋನಿನಲ್ಲಿ ಓದಿ ಹೇಳಿದರು. ರಾತ್ರಿಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳು. "ಎ. ಏಳು. ಬಿ, ಬೊಂಬಾಯಿಯ ಬಿ. ಸೊನ್ನೆ, ಸೊನ್ನೆ." ಬರೆದುಕೊಂಡು ಮುಗಿದ ಮೇಲೆ ಕೇಳಿದರು, "ಗಲ್ಲಾಪೆಟ್ಟಿಗೆಗೆ ಒಂದೇ ಕೀಲಿ ಇಟ್ಟುಕೊಂಡಿದ್ದೀಯಾ? ನಮ್ಮ ಹೋಟೆಲಿನಲ್ಲಿ ಧಣಿಗಳ ಹತ್ರ ಒಂದು, ಇನ್ನೊಂದು ನನ್ನ ಹತ್ರ ಇರ್ತಿತ್ತು."

ತಂತ್ರಾಂಶದವರು ಇದಕ್ಕೆ ಬಸ್ ಫ್ಯಾಕ್ಟರ್ ಅನ್ನುತ್ತಾರೆ. ಎಷ್ಟು ಜನ ಬಸ್ಸಿನಡಿ ಸಿಕ್ಕರೆ ಪ್ರಾಜೆಕ್ಟ್ ನಿಂತುಹೋಗುತ್ತದೆ ಎನ್ನುವ ಲೆಕ್ಕ. ನನ್ನದು ಒಂದು. ಮುಂಬೈಯವರು ನಮ್ಮ ಕಿಕ್ಕಿರಿದ ಲೋಕಲ್ಲಿನ ಹೆಸರಲ್ಲಿ ವಿರಾರ್ ಫಾಸ್ಟ್ ಫ್ಯಾಕ್ಟರ್ ಅಂತ ಬದಲಿಸಿಕೊಂಡರೆ ನನ್ನ ಅಭ್ಯಂತರ ಇಲ್ಲ.

ಅಪ್ಪ ಗಲ್ಲಾದಲ್ಲಿ ಕೂತದ್ದು ಹೇಗೆ ಎಂದು ಆ ರಾತ್ರಿ ಕೇಳಿದೆ. ಮೊದಲು ಟೇಬಲ್ ಒರೆಸುತ್ತಿದ್ದರು. ಆಮೇಲೆ ನೀರು, ಆಮೇಲೆ ಚಹಾ, ಆಮೇಲೆ ಆರ್ಡರ್ ತೆಗೆದುಕೊಳ್ಳೋದು. 'ಗಲ್ಲಾಕ್ಕೆ ಜನ ಬೇಕಾಗಿದ್ದಾರೆ' ಎಂದು ಧಣಿಗಳು ಬೋರ್ಡು ಹಾಕಲಿಲ್ಲ. ನಾಲ್ಕು ವರ್ಷ ನೋಡಿದ ಮೇಲೆ ಒಂದು ಬೆಳಿಗ್ಗೆ "ಎಂಟರಿಂದ ಹತ್ತು ನೀನು ಕೂರು" ಅಂದರು. ಎರಡೇ ಗಂಟೆ. ಅದೂ ಅವರು ಅಡುಗೆಮನೆಯಲ್ಲಿ ಇರುವಾಗ. ಒಂದು ವಾರದಲ್ಲಿ ಅಪ್ಪ ಯಾರಿಗೋ ಐದು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟರು. ಧಣಿಗಳು ಲೆಕ್ಕ ನೋಡಿದರು, ಏನೂ ಹೇಳಲಿಲ್ಲ, ಮರುದಿನವೂ ಕೂರಿಸಿದರು. ಅಪ್ಪನಿಗೆ ಇವತ್ತಿಗೂ ಆ ಐದು ರೂಪಾಯಿ ನೆನಪಿದೆ.

ದೊಡ್ಡ ಪ್ರಾಜೆಕ್ಟುಗಳಲ್ಲೂ ಹೀಗೆ ಎರಡನೇ ಕೀಲಿ ಇದ್ದದ್ದರಿಂದ ಅಂಗಡಿ ನಡೆದದ್ದುಂಟು. 2018ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸ್ ಸ್ವಲ್ಪ ದಿನ ರಜೆ ಹಾಕಿದರು. ತನ್ನ ಬಾಯಿ ಒರಟು, ಅದನ್ನು ತಿದ್ದಿಕೊಳ್ಳಬೇಕು ಎಂದು ಅವರೇ ಹೇಳಿದ್ದರು. ಅಕ್ಟೋಬರಿನಲ್ಲಿ ಲಿನಕ್ಸ್ 4.19 ಆವೃತ್ತಿ ಬಂತು. ಬಿಡುಗಡೆ ಮಾಡಿದ್ದು ಅವರ ಜೊತೆ ಲಿನಕ್ಸ್ ನೋಡಿಕೊಳ್ಳುವ ಗ್ರೆಗ್ ಕ್ರೋ-ಹಾರ್ಟ್‌ಮನ್. ಅದೇ ವರ್ಷ ಜುಲೈಯಲ್ಲಿ ಪೈಥಾನ್ ಹುಟ್ಟಿಸಿದ ಗೀಡೊ ವಾನ್ ರಾಸಮ್ ಯಜಮಾನಿಕೆ ಸಾಕು ಎಂದು ಎದ್ದರು. ಮುಂದೆ ಐದು ಜನರ ಒಂದು ಮಂಡಳಿ ಆ ಜಾಗಕ್ಕೆ ಬಂತು. ಅವರದು ದೊಡ್ಡ ಹೋಟೆಲು, ಜನ ಇದ್ದಾರೆ. ನಮ್ಮಂಥ ಕೈಗಾಡಿಯವರ ಕಥೆ ಬೇರೆ.

ಆ ಬೇರೆ ಕಥೆ ಹೇಳದೆ ಜನ ಬೇಕು ಎಂದು ಕೇಳಿದರೆ ಮೋಸವಾಗುತ್ತದೆ.

ಎಕ್ಸ್‌ಝಡ್ ಯುಟಿಲ್ಸ್ ಅಂತ ಒಂದು ತಂತ್ರಾಂಶ ಇದೆ. ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವುದು ಅದರ ಕೆಲಸ. ಲಿನಕ್ಸ್ ಇರುವ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಅದೂ ಇರುತ್ತದೆ. ಅಷ್ಟು ದೊಡ್ಡ ಹೊರೆಯನ್ನು ವರ್ಷಗಟ್ಟಲೆ ಹೊತ್ತದ್ದು ಒಬ್ಬರೇ, ಲಾಸೆ ಕಾಲಿನ್. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನಿಂದ ಸಣ್ಣಪುಟ್ಟ ತಿದ್ದುಪಡಿಗಳು ಬರತೊಡಗಿದವು. ಒಳ್ಳೆಯ ತಿದ್ದುಪಡಿಗಳೇ. 2022ರಲ್ಲಿ ಬೇರೆ ಬೇರೆ ಹೆಸರಿನವರು ಕಾಲಿನ್ ಬೆನ್ನು ಹತ್ತಿದರು. ಕೆಲಸ ನಿಧಾನ, ಹೊಸ ಮೇಂಟೇನರ್ ತನ್ನಿ, ನಿಮಗೆ ಆಸಕ್ತಿ ಹೋಗಿದೆ, ಹೀಗೆ. ಕಾಲಿನ್ ಉತ್ತರ ಬರೆದರು. ತನಗೆ ಬಹಳ ಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎನ್ನುವುದನ್ನು ನೆನಪಿಡಿ ಎಂದರು. ಆ ಸಾಲು ಓದಿದಾಗ ನನಗೆ ಚೌತಿಯ ದಿನದ ಕಡುಬು ಗಂಟಲಲ್ಲಿ ಸಿಕ್ಕಿದ ಹಾಗಾಯಿತು. ಕೊನೆಗೆ ಜಿಯಾ ಟಾನ್ ಸಹ-ಮೇಂಟೇನರ್ ಆದ. ಬಿಡುಗಡೆ ಮಾಡುವ ಕೀಲಿಯೂ ಸಿಕ್ಕಿತು.

2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯೊಳಗೆ ಒಂದು ಹಿಂಬಾಗಿಲು ಇತ್ತು. ದೂರದಿಂದ ಸರ್ವರ್‌ಗಳೊಳಗೆ ನುಗ್ಗಲು ಮಾಡಿದ ಬಾಗಿಲು. ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಹೇಗೆ ಹಿಡಿದರು ಗೊತ್ತಾ? ಅವರು ಬೇರೇನೋ ಪರೀಕ್ಷೆ ಮಾಡುತ್ತಿದ್ದರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆಯಲ್ಲ, ಯಾಕೆ ಎಂದು ಬೆನ್ನು ಹತ್ತಿದರು. ಮಾರ್ಚ್ 29ರಂದು ಜಗತ್ತಿಗೆ ಹೇಳಿದರು. ಹೆಚ್ಚಿನ ಸರ್ವರ್‌ಗಳಿಗೆ ಆ ಆವೃತ್ತಿ ತಲುಪುವ ಮೊದಲೇ ಸಿಕ್ಕಿಬಿತ್ತು. ಆ ಜಿಯಾ ಟಾನ್ ಖಾತೆ ಅಲ್ಲಿಂದ ಮೌನ.

ಇಲ್ಲಿ ನನ್ನ ಹೋಟೆಲಿನ ಹೋಲಿಕೆ ಮುರಿದು ಬೀಳುತ್ತದೆ. ಅವನು ಟೇಬಲ್ ಒರೆಸಿದ, ಚಹಾ ಕೊಟ್ಟ, ಎರಡು ವರ್ಷಕ್ಕೂ ಜಾಸ್ತಿ ಕಾದ. ಆಮೇಲೆ ಗಲ್ಲಾ ದೋಚಿದ. ಅಪ್ಪನಿಗೆ ಒಂದು ಮುಖ ಇತ್ತು, ಊರಿತ್ತು, ಕರೆತಂದ ಸೋದರಮಾವ ಇದ್ದರು. ಓಡಿಹೋದರೆ ಕುಂದಾಪುರದಲ್ಲಿ ಅಜ್ಜಿಯನ್ನು ಕೇಳಬಹುದಿತ್ತು. ಜಾಲದಲ್ಲಿ ಅಜ್ಜಿ ಇಲ್ಲ.

2018ರ ಇನ್ನೊಂದು ಪ್ರಕರಣ ಇನ್ನೂ ಸರಳ. ಈವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಬರೆದವರು ಅದನ್ನು ತಾವೇ ಬಳಸುವುದು ಬಿಟ್ಟಿದ್ದರು. ಯಾರೋ ಬಂದು ನಾನು ನೋಡಿಕೊಳ್ಳುತ್ತೇನೆ ಎಂದಾಗ ಕೊಟ್ಟುಬಿಟ್ಟರು. ಬಂದವನು ಅದರ ಮೂಲಕ ಬಿಟ್‌ಕಾಯಿನ್ ಕದಿಯುವ ಕೋಡು ತೂರಿಸಿದ. ಕೊಟ್ಟವರನ್ನು ಹಲವರು ಬೈದರು. ನಾನು ಬೈಯುವುದಿಲ್ಲ. ದಣಿದವನು ಕೀಲಿ ಕೊಡುವಾಗ ಮುಖ ನೋಡುವುದಿಲ್ಲ. ನಾನೂ ಆ ಹದಿನಾಲ್ಕು ತಿಂಗಳಲ್ಲಿ ಯಾರಾದರೂ ನಗುತ್ತಾ ಬಂದಿದ್ದರೆ ಕೊಟ್ಟುಬಿಡುತ್ತಿದ್ದೆ.

ಎಕ್ಸ್‌ಝಡ್ ಕಥೆಯಲ್ಲಿ ನನ್ನ ನಿದ್ದೆ ಕೆಡಿಸಿದ ಇನ್ನೊಂದು ವಿವರ ಇದೆ. ಆ ವಿಷದ ಕೋಡನ್ನು ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟ ಫೈಲುಗಳಲ್ಲಿ. ಯಾರೂ ತೆರೆದು ಓದದ ಫೈಲುಗಳು. ಅದನ್ನು ಹೊರಗೆಳೆಯುವ ಸಾಲು ಎಲ್ಲರಿಗೂ ಕಾಣುವ ಕೋಡಿನಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ನನ್ನ ಪ್ರಾಜೆಕ್ಟಿನಲ್ಲಿ ಏನಿದೆ? ಹನ್ನೊಂದು ವರ್ಷದಲ್ಲಿ ಅವರಿವರು ಕಳಿಸಿದ ನೂರಾರು ಹಳೆ ಫೈಲುಗಳು. ಓದಿದರೆ ಪೌಂಡು, ಗೀರಿನ ಎ. ಅದರ ನಡುವೆ ಯಾರು ಏನು ಇಟ್ಟರೂ ನನಗೆ ಗೊತ್ತಾಗುವುದಿಲ್ಲ. ಬಿಡುಗಡೆಯ ಗಂಟು ಕಟ್ಟುತ್ತಿದ್ದದ್ದು ಎಲ್ಲಿ? ನನ್ನ ಲ್ಯಾಪ್‌ಟಾಪಿನಲ್ಲಿ. ಮಗಳು ಗೇಮ್ ಆಡುವ ಅದೇ ಲ್ಯಾಪ್‌ಟಾಪು.

ಹಾಗಾಗಿ ಈ ವರ್ಷ ಎರಡು ಬದಲಾವಣೆ ಮಾಡಿದ್ದೇನೆ. ಬಿಡುಗಡೆ ಈಗ ಯಾರ ಮನೆಯ ಕಂಪ್ಯೂಟರಿನಲ್ಲೂ ಆಗುವುದಿಲ್ಲ. ಎಲ್ಲರಿಗೂ ಕಾಣುವ ಕೋಡಿನಿಂದಲೇ, ಎಲ್ಲರಿಗೂ ಕಾಣುವ ಕಡೆ ಕಟ್ಟಲಾಗುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಹೂಂ ಅನ್ನಬೇಕು ಎಂದೂ ನಿಯಮ ಹಾಕಿದ್ದೇನೆ. ನಾನು ಬರೆದದ್ದನ್ನೂ ಸೇರಿಸಿ. ಈಗ ಇನ್ನೊಬ್ಬರು ಇಲ್ಲ. ನಿಯಮದ ಪ್ರಕಾರ ಪ್ರಾಜೆಕ್ಟ್ ಎರಡು ತಿಂಗಳಿಂದ ನಿಂತಿದೆ. (ಸಭೆಯಲ್ಲಿ ನಗು.) ನಗಬೇಡಿ, ಇಲ್ಲಿಗೆ ಬಂದದ್ದೇ ಅದಕ್ಕೆ.

ಮಾಟುಂಗಕ್ಕೇ ಯಾಕೆ ಬಂದೆ? ಜಾಲದಲ್ಲಿ ಬರುವ ಅಪರಿಚಿತರೆಲ್ಲ ಕಳ್ಳರು ಎಂದಲ್ಲ. ನನ್ನ ಒಳ್ಳೆಯ ತಿದ್ದುಪಡಿಗಳೆಲ್ಲ ಮುಖ ನೋಡದವರಿಂದಲೇ ಬಂದವು. ತಿದ್ದುಪಡಿ ಯಾರಿಂದಲೂ ಬರಲಿ. ಕೀಲಿ ಮಾತ್ರ ನಾನು ಜೊತೆಗೆ ಕೂತು ಕಾಫಿ ಕುಡಿಯಬಲ್ಲವರ ಹತ್ರ ಇರಲಿ ಅನ್ನಿಸಿದೆ. ಇದು ಹಳೆ ಕಾಲದ ಯೋಚನೆ ಇರಬಹುದು.

ಬಂದವರು ಏನು ಮಾಡಬೇಕು? ಕೋಡ್ ಬರಲೇಬೇಕು ಎಂದೇನಿಲ್ಲ. ಕನ್ನಡ ಗಮನವಿಟ್ಟು ಓದುವವರು ನನಗೆ ಕೋಡ್ ಬರೆಯುವವರಿಗಿಂತ ಜಾಸ್ತಿ ಬೇಕು. ಇನ್ನೊಂದು ಕಡೆ ನನ್ನ ಕಿವಿಯೇ ಸಾಲದು. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವರು ಇಲ್ಲಿ ಇದ್ದೀರಿ, ಕೈ ಎತ್ತಬೇಡಿ, ಮಾತಿನಲ್ಲೇ ಗೊತ್ತಾಗುತ್ತದೆ. ಕೊಂಕಣಿಯ, ಹವ್ಯಕ ಕನ್ನಡದ ಮೂಗಿನ ಉಚ್ಚಾರಕ್ಕೆ ಅಕ್ಷರದ ಬಲಮೇಲೆ ಹಾಕುವ ಸೊನ್ನೆಯನ್ನು 2022ರಲ್ಲಿ ಯೂನಿಕೋಡ್ 15ನೇ ಆವೃತ್ತಿಗೆ ಸೇರಿಸಿದರು. ಹಳೆ ಕೊಂಕಣಿ ಫೈಲಿನಲ್ಲಿ ಯಾವ ಸೊನ್ನೆ ಅದು, ಯಾವುದು ಮಾಮೂಲಿ ಅನುಸ್ವಾರ? ನನಗೆ ತಿಳಿಯುವುದಿಲ್ಲ. ಅಲ್ಲಿ ತೀರ್ಮಾನ ಮಾಡಬೇಕಾದವನು ನಾನಲ್ಲ. ಎಷ್ಟೋ ದಿನ ನಾನೇ ಮಾಡುತ್ತಿದ್ದೆ, ಅದು ಬೇರೆ ಮಾತು.

ವಾರಕ್ಕೆ ಎರಡು ಗಂಟೆ ಸಾಕು. ಮೊದಲ ಮೂರು ತಿಂಗಳು ಯಾವ ಕೀಲಿಯೂ ಇಲ್ಲ, ಬೇಸರ ಮಾಡಬೇಡಿ. ಆಮೇಲೆ ಎಂಟರಿಂದ ಹತ್ತು. ಬೇಡ ಅನ್ನಿಸಿದ ದಿನ ಒಂದು ಸಾಲು ಬರೆದು ಹೋಗಬಹುದು, ಯಾಕೆ ಅಂತ ನಾನು ಕೇಳುವುದಿಲ್ಲ. ಎಲ್ಲ ಕೆಲಸವನ್ನೂ ಹದಿನೇಳು ಪುಟ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ರಿಕವರಿ ಕೋಡ್ ಯಾವ ಟ್ರಂಕಿನಲ್ಲಿದೆ ಎಂಬುದೊಂದನ್ನು ಬಿಟ್ಟು.

ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಒಬ್ಬರು, "ಇದಕ್ಕೆ ದುಡ್ಡು ಎತ್ತಬಾರದಾ?" ಎಂದರು. ಎತ್ತಬಹುದು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷ ಹೊರಬಂದಾಗ, ಅಷ್ಟು ಜಾಲತಾಣಗಳು ನೆಚ್ಚಿದ್ದ ಭದ್ರತಾ ತಂತ್ರಾಂಶ ಓಪನ್ಎಸ್ಎಸ್ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಗೊತ್ತಾಯಿತು. ಆಮೇಲೆ ಕಂಪನಿಗಳು ಕೈ ಜೋಡಿಸಿದವು. ನಮ್ಮ ಸಿಡಿಗಳಿಗೆ ಯಾವ ಕಂಪನಿ ಬರುತ್ತದೆ? ದುಡ್ಡು ಬಂದರೆ ಲೆಕ್ಕ ಇಡಲು ಇನ್ನೊಬ್ಬರು ಬೇಕು. ನನಗೆ ಮೊದಲ ಇಬ್ಬರೇ ಸಿಕ್ಕಿಲ್ಲ.

ಒಬ್ಬ ಹುಡುಗ, "ಎಐ ಕೈಲಿ ಮಾಡಿಸಬಹುದಲ್ಲ ಸರ್?" ಅಂದ. ಕೋಡ್ ಬರೆಸುತ್ತೇನೆ, ಚೆನ್ನಾಗಿಯೇ ಬರೆಯುತ್ತದೆ. ಆದರೆ ಅದು ಬರೆದದ್ದನ್ನೂ ಯಾರಾದರೂ ಓದಿ ಹೂಂ ಅನ್ನಬೇಕು. ಓದುವ ಕೆಲಸ ಜಾಸ್ತಿಯಾಯಿತೇ ಹೊರತು ಕಡಿಮೆ ಆಗಲಿಲ್ಲ. ಅವನಿಗೆ ಸಮಾಧಾನ ಆಗಲಿಲ್ಲ ಅನ್ನಿಸುತ್ತದೆ.

ಇಡ್ಲಿ ತಿನ್ನುವಾಗ ಇಬ್ಬರು ಹತ್ತಿರ ಬಂದರು. ಒಬ್ಬರು ಮುಂಬೈಯ ಕನ್ನಡ ಪ್ರೆಸ್ಸುಗಳಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು. "ನನಗೆ ಕಂಪ್ಯೂಟರ್ ಬರೋದಿಲ್ಲ. ನಿಮ್ಮ ಫೈಲು ಪ್ರಿಂಟ್ ಹಾಕಿ ಕೊಡಿ. ಕೆಂಪು ಪೆನ್ನು ನನ್ನ ಹತ್ರ ಇದೆ" ಎಂದರು. ಇನ್ನೊಬ್ಬಳು ಮುಲುಂಡಿನ ಹುಡುಗಿ, ಮನೆಮಾತು ಕೊಂಕಣಿ, ಬ್ಯಾಂಕೊಂದರಲ್ಲಿ ಪೈಥಾನ್ ಬರೆಯುತ್ತಾಳೆ. ಅವಳ ಮೊದಲ ಮಾತು, "ನಿಮ್ಮ ಅರ್ಕಾವೊತ್ತಿನ ಕೋಡ್ ಈಗಷ್ಟೇ ಮೊಬೈಲಿನಲ್ಲಿ ನೋಡಿದೆ. ತುಂಬಾ ಸುತ್ತಿ ಬಳಸಿ ಬರೆದಿದ್ದೀರಿ." ನಾನು ಇಡ್ಲಿ ನುಂಗಿ, ಹೌದು ಅಂದೆ. ಪುಣೆಯ ಹುಡುಗನ ತಿದ್ದುಪಡಿಯ ಕೊಂಡಿ ಅವಳಿಗೆ ಅಲ್ಲೇ ಕಳಿಸಿದೆ.

ಮೂರು ವಾರದ ನಂತರ ಪ್ರೂಫಿನ ಹಿರಿಯರು ಮೊದಲ ನಲವತ್ತು ಪುಟ ವಾಪಸ್ ಕೊಟ್ಟರು. ಹನ್ನೊಂದು ವರ್ಷದಲ್ಲಿ ನಾನು ನೋಡದ ಆರು ತಪ್ಪುಗಳು ಕೆಂಪಾಗಿದ್ದವು. ಅದರಲ್ಲಿ ಅಪ್ಪನ ಲೇಖನವೂ ಇತ್ತು. ಅಪ್ಪ ಉದ್ದಕ್ಕೂ 'ಹೋಟೆಲು' ಅನ್ನುವ ಬದಲು 'ಓಟ್ಲು' ಎಂದು ಬರೆದಿದ್ದರು. ಅದರ ಕೆಳಗೆ ಹಿರಿಯರು ಗೆರೆ ಎಳೆದಿರಲಿಲ್ಲ. ನನಗೆ ನಾಚಿಕೆಯಾಗಿ, ಇದನ್ನೂ ತಿದ್ದಿಬಿಡೋಣ, ಮಾದರಿ ಫೈಲು ಎಲ್ಲರೂ ನೋಡುತ್ತಾರೆ ಅಂದೆ. ಅವರು ಒಪ್ಪಲಿಲ್ಲ. "ಮೂಲದಲ್ಲಿ ಇರೋದು ಹಾಗೇ. ನಾನು ನೋಡ್ತಿರೋದು ನಿಮ್ಮ ಯಂತ್ರದ ತಪ್ಪು, ನಿಮ್ಮ ಅಪ್ಪನ ತಪ್ಪಲ್ಲ." ಮುಲುಂಡಿನವಳೂ ಅವರ ಕಡೆಗೇ ಹೋದಳು.

ಇಬ್ಬರ ಎದುರು ಒಬ್ಬ. 'ಓಟ್ಲು' ಹಾಗೇ ಉಳಿಯಿತು.